ಟಾನಿಕ್ ಬಾಟಲಿ ತೆರೆಯುವ ಮೊದಲು: ರೋಗಿಗೆ ದ್ರವರೂಪದ ಮಲ್ಟಿವಿಟಮಿನ್ ಆರಿಸುವ, ಅಳೆಯುವ, ಕೊಡುವ ಕ್ರಮ

"ಮನ್ಯಾಗ ಪೇಷಂಟ್ ಅದಾರ್ರೀ, ಗುಳಿಗಿ ನುಂಗಾಕ ಆಗೂದಿಲ್ಲ, ತಾಕತ್ತಿನ ಟಾನಿಕ್ ಯಾವುದು ಛಲೋ?" ವಿಜಯಪುರದಲ್ಲಿ ಔಷಧ ಅಂಗಡಿಯ ಕೌಂಟರಿನ ಹಿಂದೆ ನಿಲ್ಲುವ ನನ್ನಂಥ ಫಾರ್ಮಸಿಸ್ಟರಿಗೆ ಈ ಪ್ರಶ್ನೆ ಬಾರದ ದಿನವಿಲ್ಲ. ಒಂದು ಬಾಟಲಿಯ ಹೆಸರು ಹೇಳಿ ಕಳುಹಿಸಿಬಿಡುವುದು ಸುಲಭ. ಆದರೆ ಒಂದೇ ಬಗೆಯ ಚಿತ್ರ, ಒಂದೇ ಬಗೆಯ ಕಿತ್ತಳೆ ಬಣ್ಣ ಹೊತ್ತ ಎರಡು ಬಾಟಲಿಗಳಲ್ಲಿ ಒಂದರ 5 ಮಿಲಿಲೀಟರು ಇನ್ನೊಂದರ ಹತ್ತು ಪಟ್ಟು ವಿಟಮಿನ್ ಹೊಂದಿರಬಹುದು. ಆದ್ದರಿಂದ ನೀವು ಕೇಳಬೇಕಾದದ್ದು "ಯಾವ ಕಂಪನಿಯದು" ಎಂದಲ್ಲ, "ಒಂದು ಮಿಲಿಲೀಟರಿನಲ್ಲಿ ಏನು, ಎಷ್ಟು ಇದೆ" ಎಂದು. ಕೆಳಗಿನ ಹಂತಗಳೆಲ್ಲ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ನೆರವಾಗುತ್ತವೆ. ವೈದ್ಯರು ಈಗಾಗಲೇ ನಿರ್ದಿಷ್ಟ ಔಷಧ ಬರೆದುಕೊಟ್ಟಿದ್ದರೆ ಅವರ ಮಾತೇ ಅಂತಿಮ.

ಮೊದಲು ನಾಲ್ಕು ವಸ್ತುಗಳನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ: ದವಾಖಾನೆಯಿಂದ ಬಿಡುಗಡೆಯಾದಾಗ ಕೊಟ್ಟ ಚೀಟಿ, ರೋಗಿ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳ ಚೀಲ (ಆಯುರ್ವೇದದ್ದೂ ಸೇರಿ), ಮಿಲಿಲೀಟರು ಗುರುತುಗಳಿರುವ ಅಳತೆ ಸಾಧನ, ಮತ್ತು ಬಾಟಲಿಯ ಮೇಲೆ ದಿನಾಂಕ ಬರೆಯಲು ಒಂದು ಪೆನ್ನು.

ಹಂತ 1. ದ್ರವವೇ ಬೇಕೇ ಎಂಬುದನ್ನು ನಿರ್ಧರಿಸಿ

ಚಿಕ್ಕ ಮಕ್ಕಳು, ಬಾಯಿಯ ಶಸ್ತ್ರಚಿಕಿತ್ಸೆಯಾದವರು, ವಿಕಿರಣ ಚಿಕಿತ್ಸೆಯಿಂದ ಬಾಯಿ ಹುಣ್ಣಾದವರು, ಗುಟ್ಕಾ ಜಗಿದು ಜಗಿದು ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದವರು, ಮೂಗಿನ ನಳಿಕೆಯ ಮೂಲಕ ಆಹಾರ ಪಡೆಯುವವರು, ಇವರಿಗೆ ದ್ರವರೂಪದಿಂದ ನಿಜವಾದ ಅನುಕೂಲವಿದೆ. ಊಟವನ್ನು ಸರಿಯಾಗಿ ಮಾಡುತ್ತ, ಬಿಪಿಯ ಗುಳಿಗೆಯನ್ನು ಸಲೀಸಾಗಿ ನುಂಗುವವರಿಗೆ ಸಿರಪ್ಪಿನಿಂದ ವಿಶೇಷ ಲಾಭವಿಲ್ಲ. ಸಿರಪ್ ಗುಳಿಗೆಗಿಂತ "ಬೇಗ ಮೈಗೆ ಹತ್ತುತ್ತದೆ" ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದ್ದರೂ, ದಿನಗಟ್ಟಲೆ ತೆಗೆದುಕೊಳ್ಳುವ ವಿಟಮಿನ್ನಿನ ವಿಷಯದಲ್ಲಿ ಅರ್ಧ ಗಂಟೆ ಹಿಂದೆಮುಂದೆ ಆಗುವುದರಿಂದ ಯಾವ ವ್ಯತ್ಯಾಸವೂ ಆಗದು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಪಾರ್ಶ್ವವಾಯು ಹೊಡೆದ ರೋಗಿಗೆ ಗುಳಿಗೆ ನುಂಗಲು ಕಷ್ಟವಾಗುತ್ತದೆಂದು ಮನೆಯವರು ಸಿರಪ್ ಕೇಳುತ್ತಾರೆ. ಆದರೆ ನುಂಗುವ ಶಕ್ತಿ ಕುಂದಿದವರಿಗೆ ನೀರಿನಂತೆ ತೆಳುವಾದ ದ್ರವವೇ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುವ ಮುನ್ನವೇ ಅದರೊಳಕ್ಕೆ ಜಾರಿಬಿಡುತ್ತದೆ. ಇದಕ್ಕೆ ವೈದ್ಯರು ಆಸ್ಪಿರೇಷನ್ ಎನ್ನುತ್ತಾರೆ. ಇದರಿಂದ ನ್ಯುಮೋನಿಯಾ ಆಗಬಹುದು. ನೀರು ಕುಡಿಯುವಾಗ ರೋಗಿ ಕೆಮ್ಮುತ್ತಿದ್ದರೆ, ನೀರು ಕುಡಿದ ಮೇಲೆ ದನಿ ಒದ್ದೆಯಾದಂತೆ ಗೊರಗೊರ ಎನ್ನುತ್ತಿದ್ದರೆ, ನುಂಗುವಿಕೆಯ ಪರೀಕ್ಷೆಯಾಗುವ ತನಕ ಬಾಯಿಗೆ ಯಾವ ಸಿರಪ್ಪನ್ನೂ ಹಾಕಬೇಡಿ.

ಹಂತ 2. ಬಾಟಲಿಯ ಬಗೆಯನ್ನು ಗುರುತಿಸಿ

ಡ್ರಾಪ್ಸ್ ಎಂದರೆ ಹನಿಯ ಲೆಕ್ಕದಲ್ಲಿ ಅಥವಾ ಅರ್ಧ, ಒಂದು ಮಿಲಿಲೀಟರಿನ ಲೆಕ್ಕದಲ್ಲಿ ಶಿಶುಗಳಿಗೆ ಕೊಡಲೆಂದು ತಯಾರಾದ ಗಾಢ ದ್ರಾವಣ. ಬಾಟಲಿ ಚಿಕ್ಕದು, ಜೊತೆಗೆ ಡ್ರಾಪರ್ ಇರುತ್ತದೆ. ಸಿರಪ್ ಅದಕ್ಕಿಂತ ತೆಳು. 100 ಅಥವಾ 200 ಮಿಲಿಲೀಟರಿನ ಬಾಟಲಿಯಲ್ಲಿ ಬರುತ್ತದೆ, ಲೆಕ್ಕ ಸಾಮಾನ್ಯವಾಗಿ 5 ಮಿಲಿಲೀಟರಿಗೆ ಇರುತ್ತದೆ. ಸಸ್ಪೆನ್ಷನ್ ಎಂದರೆ ಕರಗದ ಕಣಗಳು ದ್ರವದಲ್ಲಿ ತೇಲುವ ಔಷಧ. ಅಲುಗಾಡಿಸದೆ ಕೊಟ್ಟರೆ ಮೊದಲ ವಾರ ರೋಗಿ ಸಿಹಿನೀರನ್ನೂ ಕೊನೆಯ ವಾರ ಗಟ್ಟಿ ಮಡ್ಡಿಯನ್ನೂ ಕುಡಿದಂತಾಗುತ್ತದೆ. ನೀರಿನಲ್ಲಿ ಬುಸುಗುಟ್ಟಿ ಕರಗುವ ಗುಳಿಗೆಗಳೂ ದ್ರವರೂಪದವೇ ಎಂದು ಕೆಲವರು ಕೊಳ್ಳುತ್ತಾರೆ. ಅವುಗಳಲ್ಲಿ ಸೋಡಿಯಂ ಗಣನೀಯ ಪ್ರಮಾಣದಲ್ಲಿರುವುದರಿಂದ ರಕ್ತದೊತ್ತಡ ಮತ್ತು ಹೃದಯ ವೈಫಲ್ಯದ ರೋಗಿಗಳಿಗೆ ಕೊಡುವ ಮೊದಲು ವೈದ್ಯರನ್ನು ಕೇಳಬೇಕು.

ಅತಿ ಹೆಚ್ಚು ಗೊಂದಲವಾಗುವುದು ವಿಟಮಿನ್ ಡಿ3 ದ್ರಾವಣದಲ್ಲಿ. ಶಿಶುಗಳ ಡ್ರಾಪ್ಸಿನಲ್ಲಿ ಒಂದು ಮಿಲಿಲೀಟರಿಗೆ 400 ಐಯು ಇರುವ ಬಗೆಯೂ ಇದೆ, 800 ಐಯು ಇರುವ ಬಗೆಯೂ ಇದೆ. ಐಯು ಎಂಬುದು ಎ, ಡಿ, ಇ ವಿಟಮಿನ್‌ಗಳನ್ನು ತೂಕದ ಬದಲು ಅವುಗಳ ಪರಿಣಾಮದಿಂದ ಅಳೆಯುವ ಅಂತರರಾಷ್ಟ್ರೀಯ ಘಟಕ. ಶಿಶುವಿಗೆ ದಿನಕ್ಕೆ ಬೇಕಾದದ್ದು 400 ಐಯು. ಹಾಗಿದ್ದರೆ ಮೊದಲನೆಯದರಲ್ಲಿ 1 ಮಿಲಿಲೀಟರು, ಎರಡನೆಯದರಲ್ಲಿ ಅರ್ಧ ಮಿಲಿಲೀಟರು. ಇನ್ನು ದೊಡ್ಡವರಿಗೆಂದು ಬರುವ 5 ಮಿಲಿಲೀಟರಿನ ಪುಟ್ಟ ಬಾಟಲಿ ಇದೆ. ಅದರಲ್ಲಿ 60,000 ಐಯು ಇರುತ್ತದೆ, ಅಂದರೆ ಶಿಶುವಿನ 150 ದಿನಗಳ ಪ್ರಮಾಣ. ಇದನ್ನು ಸಾಮಾನ್ಯವಾಗಿ ವಾರಕ್ಕೊಮ್ಮೆ, ವೈದ್ಯರು ಹೇಳಿದಷ್ಟು ವಾರ ಮಾತ್ರ ಕುಡಿಯಬೇಕು. ನಾಲ್ಕು ಬಾಟಲಿಗಳ ಪೆಟ್ಟಿಗೆಯನ್ನು ಕೊಂಡು ನಾಲ್ಕು ದಿನಗಳಲ್ಲಿ ಮುಗಿಸಿ, "ಮತ್ತೆ ಕೊಡ್ರಿ" ಎಂದು ಬಂದವರನ್ನು ನಾನು ನೋಡಿದ್ದೇನೆ. ಡಿ ವಿಟಮಿನ್ ಮೂತ್ರದಲ್ಲಿ ಹೋಗಿಬಿಡುವಂಥದ್ದಲ್ಲ, ಕೊಬ್ಬಿನಲ್ಲಿ ಶೇಖರವಾಗುತ್ತದೆ. ಮಿತಿಮೀರಿದಾಗ ರಕ್ತದ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ಬಾಯಾರಿಕೆ, ಮಲಬದ್ಧತೆ, ಮಂಕು ಕಾಣಿಸಿಕೊಂಡು ಕಿಡ್ನಿಗೂ ಹಾನಿಯಾಗುತ್ತದೆ. ಅಂಥ ಪೆಟ್ಟಿಗೆ ಮನೆಗೆ ಬಂದರೆ, ಪ್ರತಿ ಬಾಟಲಿಯ ಮೇಲೂ ಅದನ್ನು ಕುಡಿಯಬೇಕಾದ ದಿನಾಂಕವನ್ನು ಅಂದೇ ಬರೆದಿಡಿ.

"ಹಸಿವಿನ ಟಾನಿಕ್" ಬೇರೆಯೇ ಸಂಗತಿ. ಆ ಹೆಸರಿನಲ್ಲಿ ಮಾರಾಟವಾಗುವ ಹಲವು ಸಿರಪ್ಪುಗಳಲ್ಲಿ ಇರುವುದು ಸೈಪ್ರೋಹೆಪ್ಟಡಿನ್ ಎಂಬ, ಮೂಲತಃ ಅಲರ್ಜಿಗೆ ಕೊಡುವ ಔಷಧ. ಅದು ಹಸಿವನ್ನು ಹೆಚ್ಚಿಸುವುದು ನಿಜ, ಜೊತೆಗೆ ತೂಕಡಿಕೆಯನ್ನೂ ತರುತ್ತದೆ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದ ವೃದ್ಧರಲ್ಲಿ ಮೂತ್ರ ಕಟ್ಟಿಸಬಹುದು, ಕೆಲವು ಬಗೆಯ ಗ್ಲಾಕೋಮಾ ಇದ್ದವರಲ್ಲಿ ಕಣ್ಣಿನೊಳಗಿನ ಒತ್ತಡವನ್ನು ಏರಿಸಬಹುದು. ಇದನ್ನು ವಿಟಮಿನ್ ಎಂದು ತಿಳಿದು ಮನೆಯಲ್ಲಿ ತಿಂಗಳುಗಟ್ಟಲೆ ಹಾಕಬೇಡಿ.

ಹಂತ 3. ಲೇಬಲ್ಲನ್ನು ಹಿಂಭಾಗದಿಂದ ಓದಲು ಆರಂಭಿಸಿ

ಮುಂಭಾಗ ಜಾಹೀರಾತು, ಹಿಂಭಾಗ ಲೆಕ್ಕ. ಮೊದಲು "ಪ್ರತಿ 5 ಮಿಲಿಲೀಟರಿನಲ್ಲಿ" ಎಂದಿದೆಯೋ, "ಪ್ರತಿ 10 ಮಿಲಿಲೀಟರಿನಲ್ಲಿ" ಎಂದಿದೆಯೋ, "ಪ್ರತಿ 1 ಮಿಲಿಲೀಟರಿನಲ್ಲಿ" ಎಂದಿದೆಯೋ ನೋಡಿ. ಎರಡು ಬಾಟಲಿಗಳನ್ನು ಹೋಲಿಸುವಾಗ ಎರಡನ್ನೂ 1 ಮಿಲಿಲೀಟರಿನ ಲೆಕ್ಕಕ್ಕೆ ಇಳಿಸಿ ನೋಡಿದರೆ ಮಾತ್ರ ಹೋಲಿಕೆ ಸರಿಯಾಗುತ್ತದೆ.

ಎರಡನೆಯದು ಕಬ್ಬಿಣ. ಬಹಳಷ್ಟು ಮಲ್ಟಿವಿಟಮಿನ್ ಸಿರಪ್ಪುಗಳಲ್ಲಿ ಕಬ್ಬಿಣ ಇರುವುದೇ ಇಲ್ಲ, ಆದ್ದರಿಂದ ರಕ್ತಹೀನತೆಗೆಂದು ಅವನ್ನು ಕುಡಿಸಿ ಫಲವಿಲ್ಲ. ಕಬ್ಬಿಣದ ಟಾನಿಕ್ಕಿನ ಲೇಬಲ್ಲಿನಲ್ಲಿ ಎರಡು ಸಂಖ್ಯೆಗಳಿರುತ್ತವೆ. ಉದಾಹರಣೆಗೆ ಫೆರಿಕ್ ಅಮೋನಿಯಂ ಸಿಟ್ರೇಟ್ 160 ಮಿಲಿಗ್ರಾಂ ಎಂದು ದೊಡ್ಡದಾಗಿ ಬರೆದು, ಕೆಳಗೆ ಎಲಿಮೆಂಟಲ್ ಐರನ್ 32.8 ಮಿಲಿಗ್ರಾಂ ಎಂದು ಬರೆದಿರುತ್ತಾರೆ. ಮೊದಲನೆಯದು ಇಡೀ ಲವಣದ ತೂಕ. ಎರಡನೆಯದು ಅದರೊಳಗಿನ ನಿಜವಾದ ಕಬ್ಬಿಣ. ವೈದ್ಯರು ಹೇಳುವ ಪ್ರಮಾಣ ಎರಡನೆಯದಕ್ಕೆ ಸೇರಿದ್ದು.

ಮೂರನೆಯದು ಪರವಾನಗಿ. ಕೆಲವು ಬಾಟಲಿಗಳು ಔಷಧವಾಗಿ ತಯಾರಾಗಿರುತ್ತವೆ. ಅವುಗಳ ಮೇಲೆ ಔಷಧ ತಯಾರಿಕಾ ಪರವಾನಗಿಯ ಸಂಖ್ಯೆ ಇರುತ್ತದೆ. ಇನ್ನು ಕೆಲವು ಆಹಾರ ಪೂರಕಗಳು. ಅವುಗಳ ಮೇಲೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಚಿಹ್ನೆ, 14 ಅಂಕಿಗಳ ಪರವಾನಗಿ ಸಂಖ್ಯೆ ಮತ್ತು ಇದು ಔಷಧ ಬಳಕೆಗೆ ಅಲ್ಲ ಎಂಬ ಸೂಚನೆ ಇರುತ್ತವೆ. ಆಹಾರ ಪೂರಕ ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಆದರೆ ಪರೀಕ್ಷೆಯಲ್ಲಿ ಪತ್ತೆಯಾದ ಕೊರತೆಗೆ ಅದು ಚಿಕಿತ್ಸೆಯಾಗದು. ಲೇಬಲ್ಲಿನಲ್ಲಿ ಆರ್‌ಡಿಎ ಎಂಬ ಅಕ್ಷರಗಳನ್ನು ಕಂಡರೆ, ಅದು ಆರೋಗ್ಯವಂತರಿಗೆ ದಿನವೊಂದಕ್ಕೆ ಸಾಕಾಗುವ ಪ್ರಮಾಣ ಎಂದು ತಿಳಿಯಿರಿ.

ನಾಲ್ಕನೆಯದು, ವಿಟಮಿನ್ನನ್ನು ಹೊತ್ತ ದ್ರವದಲ್ಲಿ ಏನಿದೆ ಎಂಬುದು. ಸಿರಪ್ಪಿನಲ್ಲಿ ಸಕ್ಕರೆ ಇರುತ್ತದೆ, ಸಕ್ಕರೆ ಕಾಯಿಲೆಯವರು ಸಕ್ಕರೆರಹಿತ ಬಗೆಯನ್ನು ಕೇಳಬೇಕು. ಸಕ್ಕರೆರಹಿತ ಸಿರಪ್ಪುಗಳಲ್ಲಿ ಸಿಹಿಗಾಗಿ ಹಾಕುವ ಸಾರ್ಬಿಟಾಲ್ ಹೆಚ್ಚಾದರೆ ಹೊಟ್ಟೆಯುಬ್ಬರ, ಭೇದಿ ಆಗುತ್ತವೆ. ಕೆಲವು ಟಾನಿಕ್ಕುಗಳಲ್ಲಿ ಆಲ್ಕೋಹಾಲ್ ಇರುತ್ತದೆ. ಲಿವರ್ ರೋಗಿಗಳು, ಮಕ್ಕಳು, ಗರ್ಭಿಣಿಯರು, ಕುಡಿತ ಬಿಡಿಸುವ ಔಷಧದ ಮೇಲಿರುವವರು ಅವನ್ನು ದೂರವಿಡಬೇಕು. ದ್ರಾಕ್ಷಿಯ ನಾಡಿನವರಾದ ನಮಗೆ ದ್ರಾಕ್ಷಾಸವ ಮನೆಯ ಔಷಧದಂತೆಯೇ ಕಾಣುತ್ತದೆ, ಆದರೆ ಆಸವ, ಅರಿಷ್ಟಗಳು ಹುದುಗಿಸಿ ತಯಾರಾದವು, ಅವುಗಳಲ್ಲಿಯೂ ಸ್ವಾಭಾವಿಕವಾಗಿ ಹುಟ್ಟಿದ ಆಲ್ಕೋಹಾಲ್ ಇದ್ದೇ ಇರುತ್ತದೆ.

ಹಂತ 4. ರೋಗಿಯ ಕಾಯಿಲೆಗೂ ಈಗಿನ ಔಷಧಗಳಿಗೂ ಹೊಂದುತ್ತದೆಯೇ ನೋಡಿ

ಈ ಹಂತವನ್ನು ಬಿಟ್ಟುಬಿಡುವವರೇ ಹೆಚ್ಚು. ಔಷಧದ ಚೀಲವನ್ನು ಹಾಗೆಯೇ ಹಿಡಿದುಕೊಂಡು ಅಂಗಡಿಗೆ ಬನ್ನಿ, ಎದುರಿಗೆ ಸುರಿದು ತೋರಿಸಿ. ನಾವು ಬೇಸರ ಮಾಡಿಕೊಳ್ಳುವುದಿಲ್ಲ.

ಥೈರಾಯ್ಡ್ ಗುಳಿಗೆ (ಲೆವೋಥೈರಾಕ್ಸಿನ್) ತೆಗೆದುಕೊಳ್ಳುವವರು ಅದಕ್ಕೂ ಕಬ್ಬಿಣ ಅಥವಾ ಕ್ಯಾಲ್ಸಿಯಂ ಇರುವ ಟಾನಿಕ್ಕಿಗೂ ನಡುವೆ ಕನಿಷ್ಠ 4 ಗಂಟೆ ಅಂತರ ಇಡಬೇಕು, ಇಲ್ಲದಿದ್ದರೆ ಗುಳಿಗೆ ಕರುಳಿನಲ್ಲಿಯೇ ಬಂಧಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಗುಳಿಗೆ, ಮಧ್ಯಾಹ್ನ ಟಾನಿಕ್ ಎಂದು ಗೊತ್ತುಮಾಡಿಕೊಂಡರೆ ನೆನಪಿಡುವುದು ಸುಲಭ. ಸಿಪ್ರೋಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ಮುಂತಾದ ಆಂಟಿಬಯಾಟಿಕ್‌ಗಳಿಗೂ ಕಬ್ಬಿಣ, ಸತು, ಕ್ಯಾಲ್ಸಿಯಂ ಇದೇ ತೊಂದರೆ ಕೊಡುತ್ತವೆ. ಐದು ದಿನಗಳ ಆಂಟಿಬಯಾಟಿಕ್ ನಡೆದಿರುವಾಗ ಟಾನಿಕ್ಕನ್ನು ನಿಲ್ಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಹೆಚ್ಚಿನ ಸಂದರ್ಭಗಳಲ್ಲಿ ಅದೇ ಸರಳ ಉಪಾಯ.

ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್ ಅಥವಾ ಅಸಿನೋಕುಮರಾಲ್ ತೆಗೆದುಕೊಳ್ಳುವವರಿಗೆ ವಿಟಮಿನ್ ಕೆ ಇರುವ ಬಾಟಲಿ ಕೊಟ್ಟರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆ ಔಷಧದ ಶಕ್ತಿ ಕುಗ್ಗುತ್ತದೆ. ಮೆಂತ್ಯ, ರಾಜಗಿರಿ ಮುಂತಾದ ಸೊಪ್ಪುಗಳಲ್ಲಿಯೂ ವಿಟಮಿನ್ ಕೆ ಇರುವುದರಿಂದಲೇ, ಸೊಪ್ಪನ್ನು ದಿನವೂ ಒಂದೇ ಪ್ರಮಾಣದಲ್ಲಿ ತಿನ್ನಿ ಎಂದು ವೈದ್ಯರು ಇವರಿಗೆ ಹೇಳಿರುತ್ತಾರೆ. ಟಾನಿಕ್ ಶುರುಮಾಡುವುದಾದರೂ ನಿಲ್ಲಿಸುವುದಾದರೂ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗದ ಪರೀಕ್ಷೆ) ನೋಡುವ ವೈದ್ಯರಿಗೆ ತಿಳಿಸಿಯೇ ಮಾಡಿ. ಮೂರ್ಛೆರೋಗಕ್ಕೆ ಫೆನಿಟಾಯಿನ್ ತೆಗೆದುಕೊಳ್ಳುವವರಲ್ಲಿ ಫೋಲಿಕ್ ಆಸಿಡ್ಡಿನ (ಬಿ ಗುಂಪಿನ ಒಂದು ವಿಟಮಿನ್) ದೊಡ್ಡ ಪ್ರಮಾಣವು ರಕ್ತದಲ್ಲಿ ಆ ಔಷಧದ ಮಟ್ಟವನ್ನು ಇಳಿಸುತ್ತದೆ.

ಕಿಡ್ನಿ ರೋಗಿಗಳಿಗೆ, ಅದರಲ್ಲಿಯೂ ಡಯಾಲಿಸಿಸ್ ನಡೆಯುತ್ತಿರುವವರಿಗೆ, ಸಾಮಾನ್ಯ ಮಲ್ಟಿವಿಟಮಿನ್ ಸಿರಪ್ ಸಲ್ಲದು. ಅವರ ದೇಹದಲ್ಲಿ ವಿಟಮಿನ್ ಎ ಶೇಖರವಾಗುತ್ತ ಹೋಗುತ್ತದೆ. ಅವರಿಗೆ ಬಿ ಗುಂಪಿನ ವಿಟಮಿನ್‌ಗಳೇ ಮುಖ್ಯವಾಗಿರುವ ಬೇರೆ ಔಷಧಗಳನ್ನು ಕಿಡ್ನಿ ತಜ್ಞರು ಬರೆಯುತ್ತಾರೆ. ಗರ್ಭಿಣಿಯರು ರೆಟಿನಾಲ್ ರೂಪದ ವಿಟಮಿನ್ ಎಯನ್ನು ದಿನಕ್ಕೆ 10,000 ಐಯು ಮೀರಿ ತೆಗೆದುಕೊಂಡರೆ ಶಿಶುವಿನಲ್ಲಿ ಜನ್ಮಜಾತ ದೋಷಗಳ ಅಪಾಯವಿದೆ. ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿರುವಾಗ ಹೆಚ್ಚಿನ ಪ್ರಮಾಣದ ವಿಟಮಿನ್ ಸಿ, ಇ ಇರುವ ಬಾಟಲಿಗಳನ್ನು ಚಿಕಿತ್ಸೆ ಕೊಡುವ ವೈದ್ಯರ ಒಪ್ಪಿಗೆಯಿಲ್ಲದೆ ಆರಂಭಿಸಬೇಡಿ.

ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗುವುದು ಸಾಮಾನ್ಯ. ಶುದ್ಧ ಶಾಕಾಹಾರಿ ಮನೆಗಳಲ್ಲಿ ಹಾಲು, ಮೊಸರು, ಮಜ್ಜಿಗೆ ಬಿಟ್ಟರೆ ಬಿ12ಗೆ ಬೇರೆ ಮೂಲವೂ ಇರುವುದಿಲ್ಲ. ಕಾಲು ಜುಮುಗುಟ್ಟುವುದು, ನಡಿಗೆ ತಪ್ಪುವುದು ಕಂಡರೆ ಟಾನಿಕ್ಕಿನಿಂದ ಕಾಲ ಕಳೆಯದೆ ರಕ್ತ ಪರೀಕ್ಷೆ ಮಾಡಿಸಿ. ತೀವ್ರ ಕೊರತೆಗೆ ಇಂಜೆಕ್ಷನ್ನೇ ಬೇಕಾಗಬಹುದು.

ಮನೆಯಲ್ಲಿ ಐದು ವರ್ಷದೊಳಗಿನ ಮಗುವಿದ್ದರೆ, 6 ತಿಂಗಳಿಂದ 5 ವರ್ಷದ ಮಕ್ಕಳಿಗೆ ಆರೋಗ್ಯ ಇಲಾಖೆ ವಾರಕ್ಕೆ ಎರಡು ಸಲ 1 ಮಿಲಿಲೀಟರು ಕಬ್ಬಿಣದ ಸಿರಪ್ (20 ಮಿಲಿಗ್ರಾಂ ಕಬ್ಬಿಣ, 100 ಮೈಕ್ರೋಗ್ರಾಂ ಫೋಲಿಕ್ ಆಸಿಡ್) ಕೊಡುತ್ತದೆ ಎಂಬುದು ಗೊತ್ತಿರಲಿ. ವಿಟಮಿನ್ ಎ ದ್ರಾವಣವನ್ನೂ 9ನೇ ತಿಂಗಳಲ್ಲಿ 1 ಲಕ್ಷ ಐಯು, ಬಳಿಕ 5 ವರ್ಷದ ತನಕ ಆರು ತಿಂಗಳಿಗೊಮ್ಮೆ 2 ಲಕ್ಷ ಐಯು ಕೊಡುತ್ತಾರೆ. ಅಂಗಡಿಯ ಸಿರಪ್ ತರುವ ಮೊದಲು ಆಶಾ ಕಾರ್ಯಕರ್ತೆ ಏನು ಕೊಟ್ಟಿದ್ದಾರೆ ಎಂಬುದನ್ನು ತಾಯಿ ಕಾರ್ಡಿನಲ್ಲಿ ನೋಡಿ ವೈದ್ಯರಿಗೆ ಹೇಳಿ.

ಹಂತ 5. ಅಳೆದು ಕೊಡಿ

ಅಡುಗೆಮನೆಯ ಚಮಚವನ್ನು ಬಳಸಬೇಡಿ. ಚಹಾದ ಚಮಚವೆಂದರೆ 5 ಮಿಲಿಲೀಟರು ಎಂಬುದು ಪುಸ್ತಕದ ಮಾತು. ನಮ್ಮ ಮನೆಗಳ ಚಮಚಗಳು ಒಂದೊಂದು ಒಂದೊಂದು ಗಾತ್ರದವು. ಬಾಟಲಿಯೊಂದಿಗೆ ಬಂದ ಮುಚ್ಚಳವನ್ನು ಸಮನಾದ ಜಾಗದಲ್ಲಿ ಇಟ್ಟು, ಗುರುತನ್ನು ಕಣ್ಣಿನ ನೇರಕ್ಕೆ ತಂದು ನೋಡಿ. 5 ಮಿಲಿಲೀಟರಿಗಿಂತ ಕಡಿಮೆ ಪ್ರಮಾಣಕ್ಕೆ ಓರಲ್ ಸಿರಿಂಜ್, ಅಂದರೆ ಸೂಜಿಯಿಲ್ಲದ, ಬಾಯಿಗೆ ಔಷಧ ಹಾಕುವ ಪಿಚಕಾರಿ ಉತ್ತಮ. ಒಂದು ಬಾಟಲಿಯ ಡ್ರಾಪರನ್ನು ಇನ್ನೊಂದಕ್ಕೆ ಬಳಸಬಾರದು, ಏಕೆಂದರೆ ಹನಿಯ ಗಾತ್ರ ಡ್ರಾಪರಿನಿಂದ ಡ್ರಾಪರಿಗೆ ಬದಲಾಗುತ್ತದೆ.

ರೋಗಿಯನ್ನು ನೇರವಾಗಿ ಕೂರಿಸಿ. ಮಲಗಿದವರ ಬಾಯಿಗೆ ಸುರಿಯಬೇಡಿ. ಮಗುವಿಗಾದರೆ ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವೇ ಬಿಡಿ, ನೇರ ಗಂಟಲಿಗೆ ಬೇಡ. ಹಾಲಿನ ಬಾಟಲಿಗೆ ಬೆರೆಸಿದರೆ ಮಗು ಅರ್ಧ ಹಾಲು ಬಿಟ್ಟಾಗ ಅರ್ಧ ಔಷಧವೂ ಉಳಿಯುತ್ತದೆ. ಕಬ್ಬಿಣವಾದರೆ ಹಾಲು ಅದರ ಹೀರಿಕೆಯನ್ನೂ ತಗ್ಗಿಸುತ್ತದೆ.

ಎ, ಡಿ, ಇ, ಕೆ ಕೊಬ್ಬಿನಲ್ಲಿ ಕರಗುವವು, ಆದ್ದರಿಂದ ಮಲ್ಟಿವಿಟಮಿನ್ನನ್ನು ಊಟದ ಜೊತೆ ಅಥವಾ ತಕ್ಷಣ ನಂತರ ಕೊಡಿ. ಕಬ್ಬಿಣ ಖಾಲಿ ಹೊಟ್ಟೆಯಲ್ಲಿ ಹೆಚ್ಚು ಹೀರಲ್ಪಡುತ್ತದೆ, ಹೊಟ್ಟೆ ತೊಳಸಿದರೆ ಮಾತ್ರ ಊಟದ ನಂತರ ಕೊಡಿ. ಜೋಳ, ಸಜ್ಜೆ, ಕಾಳುಗಳಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ರೊಟ್ಟಿ ಬಿಡಬೇಕಾಗಿಲ್ಲ. ಕಬ್ಬಿಣದ ಜೊತೆ ಲಿಂಬೆ ಹಿಂಡಿದ ನೀರು ಕುಡಿದರೆ ಹೀರಿಕೆ ಸುಧಾರಿಸುತ್ತದೆ. ಚಹಾ ಮಾತ್ರ ಕಬ್ಬಿಣದ ಹಿಂದೆಮುಂದೆ ಒಂದು ಗಂಟೆ ಬೇಡ. ನಮ್ಮ ಕಡೆ ಚಹಾ ಇಲ್ಲದ ಗಂಟೆಯನ್ನು ಹುಡುಕುವುದೇ ಒಂದು ಕೆಲಸ, ಆದರೂ ಹುಡುಕಬೇಕು. ಹಲ್ಲು ಕಪ್ಪಾಗದಂತೆ ಕಬ್ಬಿಣದ ಸಿರಪ್ಪನ್ನು ನಾಲಗೆಯ ಹಿಂಭಾಗಕ್ಕೆ ಬಿಟ್ಟು ಅಥವಾ ಸ್ಟ್ರಾದಲ್ಲಿ ಕುಡಿಸಿ, ಬಳಿಕ ಬಾಯಿ ಮುಕ್ಕಳಿಸಿರಿ.

ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಕೊಡಬೇಡಿ.

ಹಂತ 6. ಮೂಗಿನ ನಳಿಕೆ ಇರುವವರಿಗೆ

ರೈಲ್ಸ್ ಟ್ಯೂಬ್ ಎಂದು ದವಾಖಾನೆಯಲ್ಲಿ ಹೇಳುವ ಈ ನಳಿಕೆ ಸರಿಯಾದ ಜಾಗದಲ್ಲಿದೆಯೇ ಎಂಬುದನ್ನು ದಾದಿಯರು ಕಲಿಸಿದ ವಿಧಾನದಲ್ಲಿಯೇ ನೋಡಿಕೊಳ್ಳಿ. ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಿ. ಆಹಾರವನ್ನು ನಿಲ್ಲಿಸಿ, 20ರಿಂದ 30 ಮಿಲಿಲೀಟರು ನೀರಿನಿಂದ ನಳಿಕೆಯನ್ನು ತೊಳೆದು, ಗಟ್ಟಿಯಾದ ಸಿರಪ್ಪನ್ನು ನೀರಿನಲ್ಲಿ ತೆಳುಮಾಡಿ ಬಿಟ್ಟು, ಮತ್ತೆ ಅಷ್ಟೇ ನೀರಿನಿಂದ ತೊಳೆಯಿರಿ. ಔಷಧವನ್ನು ಗಂಜಿಯಲ್ಲಿ ಅಥವಾ ಹಾಲಿನಲ್ಲಿ ಕಲಸಿ ಬಿಡಬೇಡಿ, ಗಡ್ಡೆಕಟ್ಟಿ ನಳಿಕೆ ಮುಚ್ಚಿಕೊಳ್ಳುತ್ತದೆ. ಎರಡು ಔಷಧಗಳನ್ನು ಒಂದೇ ಸಿರಿಂಜಿನಲ್ಲಿ ಬೆರೆಸಬೇಡಿ. ನೀರಿನ ಮಿತಿ ಹೇಳಿರುವ ಹೃದಯ, ಕಿಡ್ನಿ ರೋಗಿಗಳಿಗೆ ನಳಿಕೆ ತೊಳೆದ ನೀರನ್ನೂ ದಿನದ ಲೆಕ್ಕಕ್ಕೆ ಸೇರಿಸಿ. ಟಾನಿಕ್ ಶುರುವಾದ ಮೇಲೆ ಭೇದಿ ಆದರೆ ಆಹಾರವನ್ನು ದೂರುವ ಮೊದಲು ಸಾರ್ಬಿಟಾಲನ್ನು ನೆನಪಿಸಿಕೊಳ್ಳಿ.

ಹಂತ 7. ಬಿಸಿಲಿನಿಂದ ಕಾಪಾಡಿ

ಲೇಬಲ್ಲಿನಲ್ಲಿ 25 ಅಥವಾ 30 ಡಿಗ್ರಿಗಿಂತ ಕಡಿಮೆ ಉಷ್ಣದಲ್ಲಿ ಇಡಿ ಎಂದಿರುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳುಗಳು 40 ಡಿಗ್ರಿ ಮುಟ್ಟುತ್ತವೆ. ಪತ್ರಾಸಿನ ಮನೆಯಲ್ಲಿ, ಕಿಟಕಿಯ ಕಟ್ಟೆಯಲ್ಲಿ, ಒಲೆಯ ಪಕ್ಕದಲ್ಲಿ, ಟಿವಿಯ ಮೇಲೆ ಇಡಬೇಡಿ. ನೆಲಮಟ್ಟದ ತಂಪಾದ, ಕತ್ತಲೆಯ ಕಪಾಟು ಒಳ್ಳೆಯದು, ಆದರೆ ಚಿಕ್ಕ ಮಕ್ಕಳಿದ್ದರೆ ಅದಕ್ಕೆ ಬೀಗ ಬೇಕು. ಲೇಬಲ್ ಹೇಳದೆ ಫ್ರಿಜ್ಜಿನಲ್ಲಿಟ್ಟರೆ ಕೆಲವು ಸಿರಪ್ಪುಗಳಲ್ಲಿ ಹರಳು ಕಟ್ಟುತ್ತದೆ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆಯಿರಿ. ಬಣ್ಣ ಕಡುವಾದರೆ, ಹುಳಿ ವಾಸನೆ ಬಂದರೆ, ಅಲುಗಾಡಿಸಿದರೂ ತಳದ ಮಡ್ಡಿ ಏಳದಿದ್ದರೆ ಬಿಸಾಡಿ. ಬಿಲ್ಲನ್ನು ಉಳಿಸಿಕೊಳ್ಳಿ, ಅದರಲ್ಲಿರುವ ಬ್ಯಾಚ್ ಸಂಖ್ಯೆಯಿಂದಲೇ ದೋಷವಿರುವ ಔಷಧವನ್ನು ಹಿಂಪಡೆಯಲು ಸಾಧ್ಯ.

ಹಂತ 8. ಗಮನಿಸಿ, ಬೇಕಾದಾಗ ನಿಲ್ಲಿಸಿ

ಮೂತ್ರ ಗಾಢ ಹಳದಿಯಾದರೆ ಅದು ಬಿ2 ವಿಟಮಿನ್ನಿನ ಬಣ್ಣ, ಕಾಮಾಲೆಯಲ್ಲ. ಸಂಶಯವಿದ್ದರೆ ಕಣ್ಣಿನ ಬಿಳಿಭಾಗ ನೋಡಿ, ಅಲ್ಲಿಯೂ ಹಳದಿ ಇದ್ದರೆ ವೈದ್ಯರ ಬಳಿ ಹೋಗಿ. ಕಬ್ಬಿಣದಿಂದ ಮಲ ಕಪ್ಪಾಗುವುದು ಸಹಜ, ಆದರೆ ಡಾಂಬರಿನಂತೆ ಅಂಟಂಟಾಗಿ ದುರ್ವಾಸನೆ ಬೀರಿದರೆ ಅದು ಹೊಟ್ಟೆಯೊಳಗಿನ ರಕ್ತಸ್ರಾವವಿರಬಹುದು. ಥೈರಾಯ್ಡ್ ಮುಂತಾದ ರಕ್ತ ಪರೀಕ್ಷೆಗಳಿದ್ದಾಗ, ಬಯೋಟಿನ್ (ಬಿ ಗುಂಪಿನ ಇನ್ನೊಂದು ವಿಟಮಿನ್) ಇರುವ ಟಾನಿಕ್ ಕುಡಿಯುತ್ತಿರುವುದನ್ನು ಮೊದಲೇ ಹೇಳಿ. ಅದು ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು, ಎರಡು ದಿನ ಮೊದಲು ನಿಲ್ಲಿಸಲು ವೈದ್ಯರು ಹೇಳಬಹುದು. ಎಷ್ಟು ದಿನ ಕೊಡಬೇಕೆಂದು ಆರಂಭದಲ್ಲಿಯೇ ಕೇಳಿ, ಆ ದಿನ ಬಂದಾಗ ಮತ್ತೊಂದು ಬಾಟಲಿ ಕೊಳ್ಳುವ ಬದಲು ರೋಗಿಯನ್ನು ಮರಳಿ ತೋರಿಸಿ.

ಮಗು ಕಬ್ಬಿಣದ ಸಿರಪ್ಪನ್ನು ಬಾಟಲಿಯಿಂದಲೇ ಕುಡಿದಿದ್ದರೆ ಕಾಯಬೇಡಿ. ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. 108ಕ್ಕೆ ಕರೆಮಾಡಿ, ಉಳಿದ ಬಾಟಲಿಯೊಂದಿಗೆ ಹತ್ತಿರದ ದವಾಖಾನೆಗೆ ಹೋಗಿ. ಕಬ್ಬಿಣದ ವಿಷಬಾಧೆಯಲ್ಲಿ ಮೊದಲ ಕೆಲವು ಗಂಟೆಗಳ ವಾಂತಿ, ಭೇದಿಯ ನಂತರ ಮಗು ಚೇತರಿಸಿಕೊಂಡು ಆಡುತ್ತಿರುವಂತೆ ಕಾಣುವ ಒಂದು ಅವಧಿ ಇರುತ್ತದೆ, ಲಿವರಿಗೆ ಪೆಟ್ಟು ಬೀಳುವುದು ಅದರ ಬಳಿಕ. "ಈಗ ಆರಾಮ ಅದಾನ" ಎಂದು ದಾರಿಯ ಅರ್ಧದಿಂದ ಮನೆಗೆ ತಿರುಗಬೇಡಿ.